ಹನ್ನೊಂದು ಸುತ್ತು

ಮುಂದಿನ ಸೀಟಿನ ಹೆಂಗಸು ನೀರು ಕುಡಿದು ಬಾಟಲಿಯ ಮುಚ್ಚಳ ತಿರುಗಿಸಿದಳು, ಒಂದೂವರೆ ಸುತ್ತು, ಸಾಲದು, ಇನ್ನರ್ಧ ಸುತ್ತು ಬೇಕು ಅದಕ್ಕೆ, ನೋಡು, ಅಂಚಿನಲ್ಲಿ ಒಂದು ಹನಿ ಕೂತಿದೆ, ಬಸ್ಸು ಕುಲುಕಿದಂತೆ ಅದೂ ಕುಲುಕುತ್ತದೆ, ಬೀಳುವುದಿಲ್ಲ — ಅಮ್ಮಾ ಸ್ವಲ್ಪ ಬಿಗಿ ಮಾಡಿ ಅಂದುಬಿಡೋಣವೇ, ಅಂದರೆ ಏನಂದುಕೊಂಡಾಳು, ಯಾರೋ ತಲೆ ನೆಟ್ಟಗಿಲ್ಲದವನು ಅಂದುಕೊಂಡಾಳು, ಅದು ಪೂರ್ತಿ ಸುಳ್ಳೂ ಅಲ್ಲ, ಬೇಡ, ಅವಳ ಬಾಟಲಿ, ಅವಳ ನೀರು, ನೆನೆದರೆ ಅವಳ ಮಡಿಲು. ಮೂವತ್ತೊಂದು ವರ್ಷ ಊರಿಗೆ ನೀರು ಬಿಟ್ಟ ಕೈ ಇದು, ತಿರುಗುವಂಥದ್ದು ಏನು ಕಂಡರೂ ಎಣಿಸತೊಡಗುತ್ತದೆ, ಮೇಲಿನ ಬೀದಿಯ ವಾಲ್ವು ಹನ್ನೊಂದು ಸುತ್ತು, ಕೆಳಗಿನ ಬೀದಿಯದೂ ಹನ್ನೊಂದು, ತೆರೆಯಲು ಹನ್ನೊಂದು, ಮುಚ್ಚಲು ಹನ್ನೊಂದು, ಇವತ್ತು ಬೆಳಿಗ್ಗೆ ಮುಚ್ಚಿದೆನೇ, ಮುಚ್ಚಿದೆ, ಎಣಿಸಿದೆನೇ, ಎಣಿಸಿದೆ, ಮಧ್ಯಾಹ್ನ ಹೋಗಿ ನೋಡಿದೆನಲ್ಲ, ನೋಡಿದೆ, ಒಂದೇ ಸಲ ನೋಡಿದೆ, ಒಂದೇ ಸಲ ಅಂತ ತಾನೇ ಆಸ್ಪತ್ರೆಯ ನರ್ಸಮ್ಮನ ಹತ್ತಿರ ಒಪ್ಪಂದ. ಕೀಲಿ ಎಲ್ಲಿ — ಕಾಲ ಬುಡದಲ್ಲಿ ತಡವಿದೆ, ಚೀಲ ಸಿಕ್ಕಿತು, ಚೀಲದಲ್ಲಿ ಮಗುವಿನ ಟೋಪಿ, ಎರಡು ಅಂಗಿ, ನನ್ನ ಕನ್ನಡಕದ ಡಬ್ಬಿ, ಕೀಲಿ ಇಲ್ಲ, ಎದೆಯೆತ್ತರದ ಕಬ್ಬಿಣದ ಕೀಲಿ ಚೀಲದಲ್ಲಿ ಹಿಡಿಸುವುದಾದರೂ ಹೇಗೆ, ಮಂಕೇ, ಅದು ಬಡಗಿಯ ಹತ್ತಿರ ಇದೆ, ನೀನೇ ಕೊಟ್ಟೆ, ಇನ್ನೊಬ್ಬನ ಕೈಗೆ ಒಂದು ದಿನವೂ ಹೋಗದ ಕೀಲಿಯನ್ನು ಎರಡು ದಿನದ ಮಟ್ಟಿಗೆ ಕೊಟ್ಟು ಬಸ್ಸು ಹತ್ತಿದ್ದೀಯ, ಮೊಮ್ಮಗಳನ್ನು ನೋಡಲು.

ಕಂಡಕ್ಟರ್ ಕಂಬಿ ಹಿಡಿದು ಹಿಡಿದು ಬಂದ, ನನ್ನನ್ನು ಕಂಡು ಹಲ್ಲು ಬಿಟ್ಟ, ಏನು ನೀರಣ್ಣ, ಇವತ್ತು ಪೂರ್ತಿ ಟಿಕೆಟ್ಟೋ, ಟ್ಯಾಂಕಿನವರೆಗೋ. ಪಕ್ಕದವರು ನಕ್ಕರು, ನಾನೂ ನಕ್ಕೆ, ನಗದೆ ಏನು ಮಾಡುವುದು, ಎರಡು ಸಲ ಇದೇ ಬಸ್ಸಿನಿಂದ ಟ್ಯಾಂಕಿನ ಸ್ಟಾಪಿನಲ್ಲಿ ಇಳಿದು ಹೋಗಿದ್ದೇನೆ, ಬಸ್ಸು ಹತ್ತಿದ ಮೇಲೆ ಮೂರನೆಯ ಸ್ಟಾಪು ಅದು, ದಿಬ್ಬದ ಮೇಲೆ ಟ್ಯಾಂಕು, ದಿಬ್ಬದ ಕೆಳಗೆ ವಾಲ್ವಿನ ಗುಂಡಿಗಳು, ಬಸ್ಸು ಅಲ್ಲಿ ನಿಂತೊಡನೆ ಕಾಲು ನನ್ನ ಮಾತು ಕೇಳುವುದಿಲ್ಲ, ಇಳಿದುಬಿಡುತ್ತದೆ, ಗುಂಡಿಯ ಕಲ್ಲು ಸರಿಸಿ ನೋಡಿದರೆ ವಾಲ್ವು ಮುಚ್ಚಿಯೇ ಇರುತ್ತದೆ, ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಮೊದಲ ಸಲ ಮಗು ಹುಟ್ಟಿ ಒಂಬತ್ತು ದಿನ, ಎರಡನೆಯ ಸಲ ಮೂರು ತಿಂಗಳು, ಈಗ ಐದು ತಿಂಗಳು, ಹೆಂಡತಿ ಅಲ್ಲೇ ಮಗಳ ಮನೆಯಲ್ಲಿದ್ದಾಳೆ ಮಗು ನೋಡಿಕೊಂಡು, ಫೋನಿನಲ್ಲಿ ಕೇಳಿದಳು, ಮೊಮ್ಮಗಳ ಮೂತಿಗಿಂತ ನಿಮ್ಮ ಗುಂಡಿಯ ಮೂತಿ ಚೆನ್ನಾಗಿದೆಯಾ ಅಂತ, ಅವಳು ಬೈದರೆ ತಾಳಿಕೊಳ್ಳಬಹುದು, ಬೈಸಿಕೊಂಡು ನನಗೂ ಅಭ್ಯಾಸ, ಬೈದು ಅವಳಿಗೂ ಅಭ್ಯಾಸ, ಆದರೆ ಮಗಳು ಬೈಯಲಿಲ್ಲ. ಎರಡನೆಯ ಸಲ ಬರಲಿಲ್ಲವೆಂದಾಗ, ಪರವಾಗಿಲ್ಲಪ್ಪ, ನಿನಗೆ ಯಾವಾಗ ಆಗುತ್ತೋ ಆಗ ಬಾ ಅಂದಳು, ಆ ಪರವಾಗಿಲ್ಲ ಅನ್ನುವುದು ಇದೆಯಲ್ಲ, ಅದು ಹೊರಗಿನವರಿಗೆ ಹೇಳುವ ಮಾತು. ಮೂರನೆಯ ಸಲವೂ ತಪ್ಪಿದರೆ ಅವಳು ಇನ್ನು ಕರೆಯುವುದಿಲ್ಲ, ಕರೆಯುವುದನ್ನು ಜನ ಜಗಳವಾಡಿ ಬಿಡುವುದಿಲ್ಲ, ಸುಮ್ಮನೆ ಬಿಡುತ್ತಾರೆ, ಕೊಳವೆಯಲ್ಲಿ ಕಸ ಕಟ್ಟಿದ ಹಾಗೆ, ದಿನಕ್ಕಿಷ್ಟು ಸಣ್ಣಗಾಗುತ್ತ ಹೋಗಿ ಒಂದು ದಿನ ನೋಡಿದರೆ ನೀರೇ ಇಲ್ಲ. ಪೂರ್ತಿ ಕೊಡಪ್ಪಾ ಅಂದೆ, ಕೊನೆಯ ಸ್ಟಾಪಿನವರೆಗೆ, ಅವನು ಹುಬ್ಬೇರಿಸಿ ಹರಿದು ಕೊಟ್ಟ, ಚೀಟಿ ಬೆವರಿಗೆ ಅಂಗೈಗೆ ಅಂಟಿಕೊಂಡಿತು.

ಒಂದನೆಯ ಸ್ಟಾಪು, ಶಾಲೆ, ಯಾರೂ ಹತ್ತಲಿಲ್ಲ. ಕಳೆದ ಬೇಸಿಗೆಯ ಆ ಸಂಜೆ ಶಾಲೆ ಬಿಟ್ಟು ಮಕ್ಕಳೆಲ್ಲ ಮನೆ ಸೇರಿದ್ದರು, ಅದೊಂದು ಪುಣ್ಯ, ಕೆಳಗಿನ ಬೀದಿಗೆ ನೀರು ಬಿಟ್ಟು ಮುಚ್ಚಲು ಬಂದಿದ್ದೆ, ಕೀಲಿ ಇಳಿಸಿ ತಿರುಗಿಸುತ್ತಿದ್ದೆ, ಒಂದು, ಎರಡು, ಎಂಟರವರೆಗೆ ನೆನಪಿದೆ, ಎಂಟಕ್ಕೆ ಕೀಲಿಯ ಹಿಡಿ ದಿಬ್ಬದ ಕಡೆ ಮುಖ ಮಾಡಿತ್ತು, ಆಮೇಲೆ ಯಾರೋ ಕೂಗಿದರು, ಏನೋ ಕೇಳಿದರು, ಏನೋ ಹೇಳಿದೆ, ಒಂಬತ್ತು ಹತ್ತು ಹನ್ನೊಂದು ನೆನಪಿಲ್ಲ, ಸೋಸಿ ಸೋಸಿ ನೋಡಿದ್ದೇನೆ, ಇಲ್ಲ. ಕತ್ತಲಾಗುವ ಹೊತ್ತಿಗೆ ಅದೇ ಬೀದಿಯ ಬಡಗಿಯ ಶೆಡ್ಡಿನಲ್ಲಿ ಹೊಗೆ, ಹಲಗೆ, ಹೊಟ್ಟು, ಅರಗು, ಹೊತ್ತಿಕೊಳ್ಳಲು ಇನ್ನೇನು ಬೇಕು, ಜನ ಕೊಡ ಹಿಡಿದು ಓಡಿದರು, ನಾನು ಎಣಿಸದೆ ವಾಲ್ವು ತೆರೆದು ಓಡಿ ಬಂದು ಅವನ ಅಂಗಳದ ನಲ್ಲಿ ತಿರುಗಿಸಿದೆ, ಬುಸ್ಸೆಂದು ಗಾಳಿ ಬಂತು, ಆಮೇಲೆ ಅದೂ ನಿಂತಿತು, ನಲ್ಲಿಯ ಬಾಯಲ್ಲಿ ಒಂದು ಹನಿ, ಒಂದೇ ಹನಿ, ಹಿಂದೆ ಉರಿಯುವ ಬೆಂಕಿ ಪೂರ್ತಿಯಾಗಿ ಅದರೊಳಗೆ ಕಾಣುತ್ತಿತ್ತು, ಕೆಂಪಗೆ, ತಲೆಕೆಳಗಾಗಿ, ಬೀಳಲಿಲ್ಲ ಅದು, ನೇತಾಡಿಕೊಂಡೇ ಇತ್ತು. ಯಾರಿಗೂ ಏನೂ ಆಗಲಿಲ್ಲ, ಶೆಡ್ಡು ಹೋಯಿತು. ಎಂಜಿನಿಯರ್ ಬಂದು ರಸ್ತೆ ಅಗೆಸಿ ಒಡೆದ ಪೈಪು ತೋರಿಸಿದ, ನೋಡ್ರಿ ಇಲ್ಲಿಂದ ಟ್ಯಾಂಕು ಖಾಲಿಯಾಗಿದೆ, ನಿಮ್ಮ ವಾಲ್ವಿನಿಂದಲ್ಲ, ಎಲ್ಲರ ಎದುರಿಗೇ ಹೇಳಿದ, ಕಾಗದದಲ್ಲೂ ಬರೆದ, ನಾನೂ ಓದಿದೆ, ಕಾಗದಕ್ಕೇನು ಗೊತ್ತು ಒಂಬತ್ತನೆಯ ಸುತ್ತಿನ ವಿಷಯ. ಆವತ್ತಿನಿಂದ ಮುಚ್ಚಿದ ವಾಲ್ವು ಮತ್ತೆ ನೋಡುವುದು, ಮನೆಗೆ ಬಂದು ಕೈಕಾಲು ತೊಳೆದು ಮತ್ತೆ ಹೋಗುವುದು, ತುತ್ತು ಬಾಯಿಗಿಟ್ಟವನು ಎದ್ದು ಹೋಗುವುದು, ದಿನಕ್ಕೆ ಮೂರು ಸಲ ಇದ್ದದ್ದು ಒಂಬತ್ತಾಯಿತು, ಬಡಗಿಯ ಬೀದಿ ಬಿಟ್ಟು ಹಿತ್ತಲ ದಾರಿಯಲ್ಲಿ ಸುತ್ತಿ ಹೋಗುವುದು, ನಾಯಿ ಕೂಡ ಬೊಗಳುವುದನ್ನು ಬಿಟ್ಟಿತು, ಅಷ್ಟು ಸಲ ಆ ದಾರಿ ತುಳಿದೆ.

ಎದೆಯುರಿ ಅಂತ ಆಸ್ಪತ್ರೆಗೆ ಹೋದದ್ದು. ನರ್ಸಮ್ಮ ಬಿಪಿ ನೋಡಿದರು, ಎರಡು ಪ್ರಶ್ನೆ ಕೇಳಿದರು, ಮೂರನೆಯದಕ್ಕೆ ನನ್ನ ಬಾಯಿ ಒಡೆದ ಪೈಪಿನಂತಾಯಿತು, ಎಲ್ಲ ಸುರಿಯಿತು, ಡಾಕ್ಟರೂ ಕೇಳಿಸಿಕೊಂಡರು, ಇನ್ನೂ ಕೈ ಮೀರಿಲ್ಲ, ನಿದ್ದೆ ಕೆಟ್ಟಿತು ಅಂದರೆ, ಬದುಕು ಬೇಡ ಅನ್ನಿಸಿತು ಅಂದರೆ ತಕ್ಷಣ ಬರಬೇಕು, ಅಲ್ಲಿಯವರೆಗೆ ಹದಿನೈದು ದಿನಕ್ಕೊಮ್ಮೆ ಬಂದು ಹೋಗಿ ಅಂದರು, ಮನೆಯಲ್ಲಿ ಇದನ್ನು ಮಾಡಿ ಅಂತ ನನ್ನ ಫೋನು ಇಸಿದುಕೊಂಡು ನರ್ಸಮ್ಮ ಒಂದು ಆಪ್ ಹಾಕಿದರು. ಔಷಧಿ ಕೊಡುತ್ತಾರೆಂದು ಹೋದವನಿಗೆ ಆಟಿಕೆ ಕೊಟ್ಟು ಕಳಿಸಿದರಲ್ಲ ಅಂದುಕೊಂಡೆ, ತೆರೆದರೆ ಐದು ದುಂಡು ಮುಖ, ಇಂದು ನಿಮ್ಮ ಮನಸ್ಸು ಹೇಗಿದೆ, ಒಂದು ನಗುತ್ತದೆ, ಒಂದು ಅಳುತ್ತದೆ, ಇದರಲ್ಲಿ ನನ್ನ ಮೂತಿ ಯಾವುದೂ ಇಲ್ಲವಲ್ಲ ನರ್ಸಮ್ಮ ಅಂದೆ, ನಡುವಿನದು ಒತ್ತಿ, ಊರಿನ ಅರ್ಧ ಜನರ ಮೂತಿ ಅದೇ ಅಂದರು. ಅದರೊಳಗೆ ಒಬ್ಬ ಹೆಂಗಸಿದ್ದಾಳೆ, ಮೆತ್ತಗಿನ ದನಿ, ಯಾವತ್ತೂ ಯಾರ ಮೇಲೂ ರೇಗದವಳ ದನಿ, ನಾಲ್ಕು ಎಣಿಸುತ್ತ ಉಸಿರು ತೆಗೆದುಕೊಳ್ಳಿ, ಆರು ಎಣಿಸುತ್ತ ಬಿಡಿ, ಪರದೆಯ ಮೇಲೆ ಒಂದು ನೀಲಿ ವೃತ್ತ ದೊಡ್ಡದಾಗುತ್ತದೆ ಚಿಕ್ಕದಾಗುತ್ತದೆ, ಮೊದಲ ವಾರ ನಾಚಿಕೆ, ಬಾಗಿಲು ಹಾಕಿಕೊಂಡು ಉಸಿರಾಡಿದೆ, ಕಳ್ಳತನದಲ್ಲಿ ಉಸಿರಾಡಿದವನು ನಾನೊಬ್ಬನೇ ಇರಬೇಕು. ಆಪಿನೊಳಗೆ ಒಂದು ಗಿಡವೂ ಇತ್ತು, ದಿನಾ ಬಂದರೆ ಗಿಡ ಚಿಗುರುತ್ತದೆ, ತಪ್ಪಿಸಿದರೆ ಬಾಡುತ್ತದೆ, ತೆಗೆದುಕೋ, ಇರುವ ಚಿಂತೆಗೆ ಇನ್ನೊಂದು ಚಿಂತೆ, ಒಂದು ದಿನ ಪೈಪಿನ ಕೆಲಸ ಅರ್ಧಕ್ಕೆ ಬಿಟ್ಟು ಫೋನಿನ ಗಿಡಕ್ಕೆ ನೀರು ಹಾಕಲು ಮನೆಗೆ ಓಡಿ ಬಂದೆ, ಊರಿಗೆ ನೀರು ಬಿಡುವವನ ಗಿಡವೇ ಒಣಗಿದರೆ ಮಾನ ಉಳಿದೀತೇ, ನರ್ಸಮ್ಮ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು, ಗಿಡವನ್ನು ಕಿತ್ತು ಹಾಕಿದರು, ಅದು ನಿಮಗೋಸ್ಕರ ಇರೋದು, ನೀವು ಅದಕ್ಕೋಸ್ಕರ ಅಲ್ಲ ಅಂದರು. ಪೆಟ್ಟಿಗೆ ಮಾತ್ರ ಕೆಲಸಕ್ಕೆ ಬಂತು. ಚಿಂತೆ ಪೆಟ್ಟಿಗೆ, ಚಿಂತೆ ಬಂದೊಡನೆ ಬರೆದು ಅದರೊಳಗೆ ಹಾಕುವುದು, ಸಂಜೆ ಐದಕ್ಕೆ ಅದೇ ಬಾಯಿ ತೆರೆಯುತ್ತದೆ, ಒಂದೊಂದನ್ನೇ ಎದುರಿಗೆ ಇಟ್ಟು ಕೇಳುತ್ತದೆ, ಇದು ನಿಜವಾಯಿತೇ, ಹೌದು, ಇಲ್ಲ. ನೀರು ಬಿಡುವ ಲೆಕ್ಕವೇ ಇದು, ಇಡೀ ದಿನ ಬಿಡಬಾರದು, ಹೊತ್ತು ನೋಡಿ ಬಿಡಬೇಕು, ಇಷ್ಟು ವರ್ಷ ಊರಿಗೆ ಮಾಡಿದ್ದನ್ನು ನನ್ನ ತಲೆಗೂ ಮಾಡಬಹುದೆಂದು ಹೊಳೆದಿರಲಿಲ್ಲ.

ಎರಡನೆಯ ಸ್ಟಾಪು, ಹುಲ್ಲಿನ ಹೊರೆ ಹೊತ್ತ ಮುದುಕ, ಹೊರೆ ಮೇಲೆ ಹಾಕಪ್ಪಾ, ಒಳಗೆ ತಂದರೆ ನಿನ್ನ ಹುಲ್ಲಿಗೂ ಟಿಕೆಟ್ಟು, ಕಂಡಕ್ಟರನ ಬಾಯಿಗೆ ಬಿಡುವಿಲ್ಲ — ಮುಂದಿನದೇ ಟ್ಯಾಂಕು, ಅಂಗೈ ಒದ್ದೆಯಾಗುತ್ತಿದೆ, ಉಸಿರು ತಗೋ, ನಾಲ್ಕು, ಆರು, ಈ ನಾಲ್ಕು ಆರರಿಂದಲೇ ಅಲ್ಲವೇ ಆವತ್ತು ಆದದ್ದು, ಇಪ್ಪತ್ತು ದಿನ ಆಯಿತು, ಬೆಳಿಗ್ಗೆ ಮೇಲಿನ ಬೀದಿಯ ವಾಲ್ವು ಮುಚ್ಚುವಾಗ ಎದೆ ಹೊಡೆದುಕೊಂಡಿತೆಂದು ಫೋನನ್ನು ಅಂಗಿಯ ಜೇಬಿನಲ್ಲಿಟ್ಟು ಆ ಹೆಂಗಸಿನ ದನಿ ಹಾಕಿಕೊಂಡೆ, ಅವಳು ಎಣಿಸುತ್ತಿದ್ದಾಳೆ, ನಾನು ತಿರುಗಿಸುತ್ತಿದ್ದೇನೆ, ಅವಳು ಬಿಡಿ ಒಂದು, ಎರಡು, ಆರು ಅಂದು ನಿಲ್ಲಿಸಿದಳು, ನನ್ನ ಕೈಯೂ ಆರಕ್ಕೆ ನಿಂತಿತು, ಕೀಲಿ ಎತ್ತಿ ಹೆಗಲಿಗೆ ಹಾಕಿಕೊಂಡು ನೆಮ್ಮದಿಯಾಗಿ ಹೊರಟುಬಿಟ್ಟೆ, ಅಷ್ಟು ಹಗುರಾಗಿ ವರ್ಷದಿಂದ ನಡೆದಿರಲಿಲ್ಲ. ಹತ್ತು ಗಂಟೆಗೆ ಮೇಲಿನ ಬೀದಿಯ ಕೊನೆಯ ಮನೆಯ ಟೀಚರಮ್ಮ ಕೋಲೂರಿಕೊಂಡು ಎದುರಾದರು, ಅವರ ಮನೆಗೆ ನೀರು ನೂಲಿನಂತೆ ಬರುತ್ತದೆ, ದಿಬ್ಬದ ಮನೆ, ಏನಪ್ಪಾ, ಇವತ್ತು ನನ್ನ ನಲ್ಲಿಗೂ ಜೀವ ಬಂದಿದೆ, ಡ್ರಮ್ಮು ತುಂಬ್ತು, ತೊಟ್ಟಿ ತುಂಬ್ತು, ಪಾತ್ರೆಗಳೆಲ್ಲ ತುಂಬಿದವು, ಇನ್ನು ನನ್ನನ್ನೇ ತುಂಬಿಸಬೇಕು, ನಿಲ್ಲೋದೇ ಇಲ್ಲವಲ್ಲ. ಓಡಿದೆ, ಕೀಲಿ ಇಳಿಸಿದೆ, ಉಳಿದ ಐದು ಸುತ್ತು ಅಲ್ಲೇ ಇತ್ತು, ಒಂದು ಎರಡು ಮೂರು ನಾಲ್ಕು ಐದು, ಇಡೀ ಬೆಳಿಗ್ಗೆ ತೆರೆದೇ ಇತ್ತು, ಅಂದರೆ ನಾನು ಹೆದರಿದ್ದು ಆಗಿಯೇ ಹೋಗಿತ್ತು, ಹೆದರದೆ ಇದ್ದ ಒಂದೇ ದಿನ. ಪೆಟ್ಟಿಗೆಯಲ್ಲಿ ಬರೆದೆ, ವಾಲ್ವು ಮುಚ್ಚಲಿಲ್ಲ, ಇವತ್ತು ಊರಿಗೆ ಏನೋ ಆಗುತ್ತದೆ. ಗುಂಡಿಯ ಪಕ್ಕ ಕೂತು ಕಾದೆ, ಹೊಗೆ ಎಲ್ಲಿ ಏಳುತ್ತದೆ ಅಂತ ನೋಡುತ್ತ ಕೂತೆ, ಐದಕ್ಕೆ ಫೋನು ಗುಂಯ್ ಅಂದಿತು, ಇದು ನಿಜವಾಯಿತೇ. ಸುಮ್ಮನೆ ಒತ್ತಲು ಮನಸ್ಸು ಬರಲಿಲ್ಲ, ನೀರಿನ ಕೆಲಸದವನು ನೋಡದೆ ಹೇಳಬಾರದು, ಎದ್ದು ಬೀದಿ ಬೀದಿ ತಿರುಗಿದೆ, ಕ್ಷೌರದವನು ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತಿದ್ದ, ಬೆಳಿಗ್ಗೆ ನೀರು ಸ್ವಲ್ಪ ತೆಳ್ಳಗಿತ್ತಲ್ಲ ಅಂದ, ಅಷ್ಟೇ ಅಂದ, ಟ್ಯಾಂಕಿನಲ್ಲಿ ಎರಡು ಗೇಣು ಕಡಿಮೆಯಾದದ್ದನ್ನು ಮೋಟಾರು ತುಂಬಿಸಿಯೂ ಆಗಿತ್ತು, ಟೀಚರಮ್ಮನ ಅಂಗಳದಲ್ಲಿ ಒಗೆದ ಹೊದಿಕೆಗಳು ಸಾಲಾಗಿ ಒಣಗುತ್ತಿದ್ದವು, ನಾಯಿ ಮಲಗಿತ್ತು. ಬೀದಿಯ ನಡುವೆ ನಿಂತು ಇಲ್ಲ ಅನ್ನುವುದನ್ನು ಒತ್ತಿದೆ, ಮೊದಲ ಸಲ, ಒತ್ತಿದ ಮೇಲೆ ನೋಡಿದರೆ ನಾನು ನಿಂತದ್ದು ಬಡಗಿಯ ಬೀದಿಯಲ್ಲಿ.

ಅವನು ಹೊಸ ಶೆಡ್ಡಿನ ಬಾಗಿಲಲ್ಲಿ ಕೂತು ಉಳಿ ಮಸೆಯುತ್ತಿದ್ದ, ತಲೆ ಎತ್ತಲಿಲ್ಲ, ಬಾ ಕೂತ್ಕೋ ಅಂದ, ಮಸೆದ, ಆಮೇಲೆ ಅಂದ, ಒಂದು ವರ್ಷ ಆಯ್ತಲ್ಲ ನೀನು ಈ ಬೀದಿ ತುಳಿದು, ನೀರು ದಿನಾ ಬರುತ್ತೆ, ನೀರು ಬಿಡೋನು ಮಾತ್ರ ಬರಲ್ಲ. ಎಂಟರವರೆಗೆ ನೆನಪಿದೆ ಅಂತ ಹೇಳಿದೆ, ಅವನಿಗೇ ಹೇಳಿದೆ, ಆಸ್ಪತ್ರೆ ಬಿಟ್ಟರೆ ಬೇರೆ ಯಾರಿಗೂ ಹಾಗೆ ಹೇಳಿರಲಿಲ್ಲ. ಅವನು ಉಳಿಯ ಅಂಚನ್ನು ಹೆಬ್ಬೆರಳಿಂದ ಸವರಿ ನೋಡಿದ. ಅರಗು ಕಾಯಿಸೋ ಒಲೆ ಆರಿಸದೆ ಊಟಕ್ಕೆ ಹೋದೋನು ನಾನು, ಅದು ನನಗೆ ಪೂರ್ತಿ ನೆನಪಿದೆ, ಎಂಟೂ ಇಲ್ಲ ಹನ್ನೊಂದೂ ಇಲ್ಲ. ನನ್ನ ಬೆಂಕೀನ ನೀನ್ಯಾಕೆ ನಿನ್ನ ತಲೆ ಮೇಲೆ ಹೊತ್ಕೊಂಡು ತಿರುಗ್ತೀಯ, ನನಗೇ ಬಿಡು, ನಾನು ಹೊರ್ತೀನಿ. ಅಷ್ಟು ಹೇಳಿ ಉಳಿಗೆ ಎಣ್ಣೆ ಹಾಕಿದ. ಮೊಮ್ಮಗಳನ್ನು ನೋಡಿದೆಯಾ ಅಂದ, ಇಲ್ಲ ಅಂದೆ, ಯಾಕೆ ಅಂದ, ಕೀಲಿ ಯಾರಿಗೆ ಕೊಟ್ಟು ಹೋಗಲಿ ಅಂದೆ, ಅವನು ಕೈ ಚಾಚಿದ. ಆಮೇಲೆ ಹತ್ತು ದಿನ ಕಲಿಸಿದೆ, ಎಷ್ಟು ಸಲ ಹೇಳಿದೆನೋ, ಕೊನೆಗೆ ಅವನೇ, ಹನ್ನೊಂದು ತಾನೇ ಮಾರಾಯಾ, ನಾನೇನು ಅಳತೆ ನೋಡಿ ಹಲಗೆ ಕೊಯ್ದಿಲ್ಲವಾ, ಬೇಕಾದರೆ ಗುಂಡಿಯ ಕಲ್ಲಿನ ಮೇಲೆ ಕೆತ್ತಿಡ್ತೀನಿ ಅಂದ, ಕೆತ್ತಿಯೂ ಇಟ್ಟ, ಉಳಿಯಿಂದ ಹನ್ನೊಂದು ಗೀಟು.

ಟ್ಯಾಂಕು. ಬಸ್ಸು ನಿಂತಿತು, ಗಂಟೆಯ ದಾರ ಹಿಡಿದುಕೊಂಡು ಕಂಡಕ್ಟರ್ ನನ್ನನ್ನೇ ನೋಡಿದ, ಈ ಸಲ ನಗಲಿಲ್ಲ, ದಿಬ್ಬದ ಕೆಳಗೆ ಗುಂಡಿಯ ಕಲ್ಲು ಕಾಣುತ್ತದೆ, ನೂರು ಹೆಜ್ಜೆ, ಹೋಗಿ ನೋಡಿ ಬರಲು ಐದು ನಿಮಿಷ, ಬಡಗಿ ಈಗಾಗಲೇ ಕೀಲಿ ತಿರುಗಿಸಿ ನೋಡೋಣವೆಂದು ತೆರೆದಿದ್ದರೆ, ತೆರೆದು ಮರೆತಿದ್ದರೆ, ಅವನಿಗೆ ಮೊದಲೇ ಮರೆವು, ಒಲೆ ಮರೆತವನು ವಾಲ್ವು ಮರೆಯುವುದಿಲ್ಲವೇ — ಕಾಲು ಎದ್ದಿತು, ಚೀಲ ಕೈಗೆ ಬಂತು, ಎದ್ದೇ ನಿಂತುಬಿಟ್ಟಿದ್ದೆ, ಒಂದು ಫೋನು ಮಾಡಿ ಕೇಳಿಬಿಡಲೇ, ಕೇಳಿದರೆ ಮುಚ್ಚಿದೆ ಅನ್ನುತ್ತಾನೆ, ಆಮೇಲೆ ಇನ್ನೊಂದು ಸಲ ಕೇಳಬೇಕು, ಮೂರು, ಒಂಬತ್ತು, ಆ ಲೆಕ್ಕ ಗೊತ್ತಿದೆ ನನಗೆ, ನಿಂತುಕೊಂಡೇ ಫೋನು ತೆಗೆದು ಪೆಟ್ಟಿಗೆಯಲ್ಲಿ ಒತ್ತಿದೆ, ಬಡಗಿ ಮರೆತರೆ, ಎರಡೇ ಮಾತು, ಹಾಕಿದೆ, ಮುಚ್ಚಿತು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ, ಇಳೀಬೇಕಾ ಅಣ್ಣ, ಕಾಲು ತೆಗೀಲಾ ಅಂದಳು. ಇಲ್ಲಮ್ಮ, ಸುಮ್ಮನೆ ಎದ್ದೆ ಅಂದೆ. ಕೂತೆ. ದಾರ ಎಳೆದದ್ದು ಕೇಳಿಸಿತು, ಎಷ್ಟು ದೊಡ್ಡ ಸದ್ದು ಅದು, ಟ್ಯಾಂಕು ಕಿಟಕಿಯಲ್ಲಿ ಸರಿಯಿತು, ಕಂಬಗಳ ಮೇಲೆ ನಿಂತ ದೊಡ್ಡ ಹಸುವಿನ ಹಾಗೆ, ನಾನಿಲ್ಲದೆಯೂ ನಿಂತಿತ್ತು, ತಿರುವಿನಲ್ಲಿ ಮರದ ಹಿಂದೆ ಹೋಯಿತು. ಎದೆ ಇನ್ನೂ ಹೊಡೆದುಕೊಳ್ಳುತ್ತಿತ್ತು, ಹೊಡೆದುಕೊಳ್ಳಲಿ, ಅದರ ಕೆಲಸ ಅದು, ಬಾಟಲಿಯ ಮೇಲಿನ ಹನಿ ಎಲ್ಲಿ ಹೋಯಿತೋ, ಆರಿರಬೇಕು, ನಾನು ನೋಡದೆ ಇರುವಾಗ.

ಬಾಗಿಲು ತೆರೆದ ಮಗಳು ನನ್ನ ಹಿಂದೆ ಯಾರಾದರೂ ಇದ್ದಾರೇನೋ ಎಂಬಂತೆ ನೋಡಿದಳು, ಬಂದೆಯಾ ಅಪ್ಪ ಅಂದಳು, ಪರವಾಗಿಲ್ಲ ಅನ್ನುವ ದನಿ ಅಲ್ಲ ಇದು, ನನ್ನ ಚೀಲ ಕಿತ್ತುಕೊಂಡ ರಭಸಕ್ಕೆ ಗೊತ್ತಾಯಿತು, ಹೆಂಡತಿ ಒಳಗಿನಿಂದಲೇ, ಟ್ಯಾಂಕು ಇನ್ನೂ ಇದೆಯೋ ಯಾರಾದರೂ ಹೊತ್ಕೊಂಡು ಹೋದರೋ ಅಂದಳು, ಇದೆ ಇದೆ ಅಂದೆ, ನೋಡಿಯೇ ಬಂದೆ, ಬಸ್ಸಿನಿಂದ. ಕೈ ತೊಳೆದುಕೊಂಡು ಬಾ ಅಂದರು, ಕೂತ್ಕೋ ಅಂದರು, ಮೊಣಕೈ ಹೀಗೆ ಮಡಚು ಅಂದರು, ನಿದ್ದೆ ಮಾಡುವ ಮಗುವನ್ನು ತಂದು ಮಡಚಿದ ಕೈಯಲ್ಲಿ ಇಟ್ಟರು, ಇಷ್ಟು ಹಗುರವೇ, ಕೀಲಿಯ ಕಾಲು ಭಾಗವೂ ಇಲ್ಲ, ಇಷ್ಟು ಬಿಸಿ. ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿದೆ, ಟಪ್, ಇನ್ನೊಮ್ಮೆ ಟಪ್, ಬೆರಳು ಮಿಡುಕಿತು, ಕಾಲು ಸುತ್ತು ತಿರುಗಿಸಿದರೆ ನಿಲ್ಲುತ್ತದೆ, ಆದರೆ ಮಗುವಿನ ತಲೆ ತೋಳಿನ ಮೇಲಿದೆ, ಏಳುವ ಹಾಗಿಲ್ಲ, ತೊಟ್ಟಿಕ್ಕಲಿ. ಜೇಬಿನಲ್ಲಿ ಫೋನು ಗುಂಯ್ ಅಂದಿತು, ಐದಾಯಿತು, ಪೆಟ್ಟಿಗೆ ಬಾಯಿ ತೆರೆದಿರಬೇಕು, ಇರು, ಆಮೇಲೆ ನೋಡೋಣ, ಕೈಗೆ ಬಿಡುವಿಲ್ಲ — ಉಸಿರು ನೋಡು ಇವಳದು, ಯಾರೂ ಹೇಳಿಕೊಡದೆ ಎಷ್ಟು ಚೆನ್ನಾಗಿ ಬಿಡುತ್ತಾಳೆ, ಹೊಟ್ಟೆ ಏರುತ್ತದೆ ಇಳಿಯುತ್ತದೆ, ಒಂದು, ಎರಡು, ಅಜ್ಜನ ಮೂಗೇ ಅಂತಾಳೆ ಮಗಳು, ಪಾಪ ಮಗು ಅಂತಾಳೆ ಹೆಂಡತಿ, ಐದು, ಆರು, ಕೆಳತುಟಿ ಸ್ವಲ್ಪ ತೆರೆದಿದೆ, ಏಳು, ತುಟಿಯ ಅಂಚಿನಲ್ಲಿ ಜೊಲ್ಲಿನ ಒಂದು ಹನಿ ಕೂಡುತ್ತಿದೆ, ಎಂಟು, ಕಿಟಕಿಯ ಬೆಳಕು ಪೂರ್ತಿ ಅದರೊಳಗಿದೆ, ಆಮೇಲೆ, ಎಂಟಾದ ಮೇಲೆ, ಎಷ್ಟಾಯಿತು — ಎಷ್ಟಾದರೂ ಆಗಲಿ, ಹನಿ, ಬೀಳುವುದಿಲ್ಲ, ನೇತಾಡಿಕೊಂಡೇ ಇದೆ, ಹನಿ